ಪಂಪಾಸಾಗರದಲ್ಲಿ ತೆರೆ ಎಣಿಸಿದ್ದು

ಶ್ರಾವಣದ ಒಂದು ಭಾನುವಾರ ಬೆಳಗ್ಗೆ ಏಳಕ್ಕೆ ಅಕ್ಕನೂ ನಾನೂ ಕಂಪ್ಲಿಯಲ್ಲಿ ಹೊಸಪೇಟೆ ಬಸ್ಸು ಹತ್ತಿದೆವು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಲೆಗಳ ಪಾಠವನ್ನು ಪ್ರತಿವರ್ಷ ಒಂದೇ ನೆನಪಿನಿಂದ ಶುರುಮಾಡುತ್ತೇನೆ: ಚಿಕ್ಕಂದಿನಲ್ಲಿ ಅಪ್ಪ ಪಂಪಾಸಾಗರ ಡ್ಯಾಮಿನ ಹಿನ್ನೀರಿಗೆ ತೆಂಗಿನಕಾಯಿ ಬಿಟ್ಟಾಗ ತೆರೆಗಳೆಲ್ಲ ಅದರಡಿ ಹಾದು ದಂಡೆಗೆ ಬಂದವು, ಕಾಯಿ ಮಾತ್ರ ಇದ್ದಲ್ಲೇ ಇತ್ತು. ಅಕ್ಕನ ಪ್ರಕಾರ ಇದು ಹಸಿ ಸುಳ್ಳು. ನನಗೂ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ. ಸುಳ್ಳೆಂದು ಕಂಡರೆ ಇನ್ನು ತರಗತಿಯಲ್ಲಿ ಆ ಮಾತೆತ್ತಬಾರದೆಂದು ನಿಶ್ಚಯಿಸಿ ಹೊರಟಿದ್ದೆ.

"ಪಂಪಾಸಾಗರ ಅಂದಿದ್ದಕ್ಕ ಸಮುದ್ರ ಅಂತ ತಿಳ್ಕಂಡಿದ್ದಿ ಲೇ ನೀನು," ಎಂದು ಅಕ್ಕ ಕಮಲಾಪುರದವರೆಗೂ ಕಾಡಿದಳು.

ಹೊಸಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದು, ನೂರೈವತ್ತು ರೂಪಾಯಿಗೆ ಆಟೋ ಹಿಡಿದು ಹಿನ್ನೀರಿಗೆ ಹೋದೆವು. ಮಳೆ ಇರಲಿಲ್ಲ, ಪಡುವಣ ಗಾಳಿ ಅಕ್ಕನ ಸೆರಗು ನಿಲ್ಲಗೊಡುತ್ತಿರಲಿಲ್ಲ. ಅದು ಮೈಲುಗಟ್ಟಲೆ ನೀರಿನ ಮೇಲೆ ಅಡ್ಡಿಯಿಲ್ಲದೆ ಓಡಿಬರುತ್ತದೆ. ಅತ್ತ ಸುಕ್ಕಿನಂತೆ ಎದ್ದದ್ದು ಇತ್ತ ಮುಟ್ಟುವಾಗ ಮೊಳಕಾಲೆತ್ತರದ ತೆರೆ. ದಂಡೆ ಬಳಿ ಬುಡ ನೆಲಕ್ಕೆ ತಾಗಿ, ತಲೆ ಮುಗ್ಗರಿಸಿ ಒಡೆಯುತ್ತಿತ್ತು.

ಖಾಲಿ ನೀರಿನ ಬಾಟಲಿಗೆ ಉದ್ದ ದಾರ ಕಟ್ಟಿ, ಸೊಂಟಮಟ್ಟ ನೀರಿಗಿಳಿದು ಬಿಟ್ಟೆ. ನನಗಿಂತ ಮೊದಲೇ ಅದು ದಂಡೆ ಸೇರಿತು.

"ಮುಗೀತೇನಪ್ಪ ನಿನ್ನ ಪಾಠ?" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ದಾರ ಸುತ್ತತೊಡಗಿದೆ.

ಪಕ್ಕದಲ್ಲಿ ಬಲೆ ಹೊಲಿಯುತ್ತ ನಮ್ಮ ತೆಂಗಿನಕಾಯಿ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದ ದುರುಗಪ್ಪನೆಂಬ ಮೀನುಗಾರನೂ ನಗುತ್ತಿದ್ದ. "ಖಾಲಿ ಬಾಟ್ಲಿ ಗಾಳಿ ಪಾಲು ರೀ ಸರ. ನಾವು ಬಲಿ ಗುರುತಿಗೆ ಕಟ್ಟೂ ಬಾಟ್ಲಿಗೆ ಕುತಿಗಿಮಟ ನೀರು ತುಂಬತೀವಿ. ಆವಾಗ ಗಾಳಿಗೆ ಸಿಗಂಗಿಲ್ಲ. ತೆಂಗಿನಕಾಯಿನೂ ಹಂಗ ಅಲ್ಲೇನ್ರಿ, ಅರ್ಧಕ್ಕಿಂತ ಜಾಸ್ತಿ ಮುಳುಗೇ ಇರತೈತಿ."

ಕುತ್ತಿಗೆಯವರೆಗೆ ತುಂಬಿ, ದಾರ ಸಡಿಲಬಿಟ್ಟು, ಒಡೆಯುವ ತೆರೆಗಳಾಚೆ ಮತ್ತೆ ಬಿಟ್ಟೆ. ತೆರೆ ಬಂದಾಗ ಬಾಟಲಿ ಎದ್ದಿತು, ತುಸು ಮುಂದೆ ಬಾಗಿತು, ಇಳಿಯಿತು, ಹಿಂದೆ ಸರಿದು ಮೊದಲಿನ ಜಾಗಕ್ಕೇ ಬಂತು. ಅಕ್ಕನೇ ಗಟ್ಟಿಯಾಗಿ ಎಣಿಸಿದಳು. ಇಪ್ಪತ್ತು ತೆರೆ ನಮ್ಮ ಕಾಲು ತೊಳೆದವು. ಬಾಟಲಿ ಒಂದು ಮಾರು ಕೂಡ ಸರಿದಿರಲಿಲ್ಲ.

"ತೆರಿ ಬರತೈತ್ರಿ, ನೀರು ಎಲ್ಲಿ ಬರತೈತಿ?" ಎಂದ ದುರುಗಪ್ಪ, ಬಲೆಯಿಂದ ತಲೆ ಎತ್ತದೆ. ನಾನು ಒದ್ದೆ ಪ್ಯಾಂಟಿನಲ್ಲೇ ಕುಣಿದೆ.

ಸಂಜೆ ಬಸ್ಸಿನಲ್ಲಿ ಅಕ್ಕ ಪಕ್ಕದ ಸೀಟಿನ ಹೆಂಗಸಿಗೆ ಎಲ್ಲವನ್ನೂ ವಿವರಿಸಿದಳು. ಕೊನೆಗೆ ದನಿ ತಗ್ಗಿಸಿ, "ಇದೇನ್ ಹೊಸಾದಲ್ಲ ಬಿಡ್ರಿ. ಸಣ್ಣಾಕಿ ಇದ್ದಾಗ ನಾನೇ ಕಣ್ಣಾರೆ ನೋಡೀನಿ, ಕಾಯಿ ಅಲ್ಲೇ ನಿಂತಿತ್ತು," ಎಂದಳು.