ಆರು ಬೆರಳು ಮೋಟಾದ ಕೋವಿ

ನಳಿಗೆ ಉದ್ದವಿದ್ದಷ್ಟೂ ಗುಂಡು ದೂರ ಹೋಗುತ್ತದೆ ಎನ್ನುತ್ತಿದ್ದರು ಅಪ್ಪಯ್ಯ. ಅಷ್ಟುದ್ದದ ಕೋವಿ ಹಿಡಿದು ಬಿದಿರುಮೆಳೆಯಲ್ಲಿ ನುಗ್ಗುವ ನನ್ನಂಥ ಕುಳ್ಳನ ಪಾಡು ಆ ಆರಡಿ ಆಳಿಗೇನು ಗೊತ್ತು? ಮುಳ್ಳಿಗೆ ಸಿಕ್ಕಿದ ನಳಿಗೆಯನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತಿತ್ತು. ಅರವತ್ತರ ದಶಕದಲ್ಲಿ ನಮ್ಮ ಹೊಸನಗರದ ಕಡೆ ಗದ್ದೆಗಳಿಗೆ ಹಂದಿಯ ಕಾಟ ಹೇಳತೀರದು.

ಅಪ್ಪಯ್ಯ ತೀರ್ಥಹಳ್ಳಿಯ ನೆಂಟರ ಮನೆಗೆ ಹೋದಾಗ ಕೋವಿಯನ್ನು ಕುಲುಮೆಗೆ ಒಯ್ದೆ.

"ಕುಯ್ದ್ ಮೇಲೆ ಕೂಡ್ಸಕ್ಕಾಗಲ್ಲ, ನೋಡಿ" ಎಂದ ಆಚಾರಿ. ಆದರೂ ಆರು ಬೆರಳು ಕುಯ್ಯಿಸಿದೆ.

ಹಲಸಿನ ಹಲಗೆಗೆ ಎರಡು ಸಲ ಹೊಡೆದು ನೋಡಿದೆ. ಒಂದು ಗುಂಡು ತೂತು ಮಾಡಿ ಆಚೆ ಹೋಯಿತು, ಇನ್ನೊಂದು ಅರ್ಧಕ್ಕೇ ನಾಟಿ ನಿಂತಿತು. ನಳಿಗೆಯ ಬಾಯಲ್ಲಿ ಬೆಂಕಿ ಮಾತ್ರ ಮೊದಲಿಗಿಂತ ಜೋರು. ಬಲವೇ ಕುಂದಿತೋ, ನಾನೇ ಮದ್ದು ಕಡಿಮೆ ಹಾಕಿದೆನೋ, ತಲೆಬುಡ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಹೊರಲು ಹಗುರವಾಗಿತ್ತು, ಅಷ್ಟು ನಿಜ. ಬೈಗುಳಕ್ಕೆ ಹೆದರಿ ಖಾಲಿ ಕೋವಿಯನ್ನು ಸದ್ದಿಲ್ಲದೆ ಗೋಡೆಗೆ ತೂಗುಹಾಕಿದೆ.

ಕೋವಿ ತುಂಬಿದೆಯೇ ಎಂದು ನಮ್ಮಲ್ಲಿ ಮದ್ದು ಜಡಿಯುವ ಕೋಲನ್ನು ನಳಿಗೆಗೆ ಇಳಿಸಿ ನೋಡುತ್ತಿದ್ದರು. ಖಾಲಿಯಿದ್ದರೆ ಕೋಲಿನ ಮೇಲೆ ಕೊರೆದ ಗೀರು ನಳಿಗೆಯ ಬಾಯಿಗೆ ಸಮ. ಹಂದಿಗೆಂದು ಮದ್ದು ಗುಂಡು ತುಂಬಿದ್ದರೆ ಗೀರು ಆರು ಬೆರಳು ಮೇಲೆ. ನಾನು ನಳಿಗೆ ಕುಯ್ಯಿಸಿದ್ದೆ, ಕೋಲನ್ನಲ್ಲ. ಆ ಯೋಚನೆಯೇ ಬರಲಿಲ್ಲ ನನ್ನ ದಡ್ಡ ತಲೆಗೆ.

ಅಪ್ಪಯ್ಯ ಮರಳಿದ ಮೂರನೆಯ ದಿನ ಮಟಮಟ ಮಧ್ಯಾಹ್ನ ಹಂದಿ ಗದ್ದೆಗೆ ಇಳಿಯಿತು. ನಾನು ಆಚೆ ದಂಡೆಯಲ್ಲಿದ್ದೆ. ಅಪ್ಪಯ್ಯ ಗಡಿಬಿಡಿಯಲ್ಲಿ ಕೋಲು ಇಳಿಸಿ ಬೆರಳಿಟ್ಟು ಅಳೆದರು, ಮದ್ದಿಗೆ ಕಿಡಿ ಹಾರಿಸುವ ಕೇಪು ಕೂರಿಸಿಕೊಂಡು ಬಂದರು. ಹತ್ತು ಮಾರು ದೂರದಿಂದ ಕೋವಿಯ ಕುದುರೆ ಎಳೆದರು. ಟಪ್ ಎಂದು ಕೇಪು ಮಾತ್ರ ಸಿಡಿಯಿತು. ನಾನು ಓಡಿ ಬರುವಷ್ಟರಲ್ಲಿ ಹಂದಿ ಅವರ ತೊಡೆ ಸೀಳಿ ಹೋಗಿತ್ತು.

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದರು: "ಅಳ್ದೇ ನೋಡಿದ್ನಲ್ಲ ಮಾರಾಯ, ಸರೀ ಆರ್ ಬೆರ್ಳಿತ್ತು. ನಂಗೇನ್ ಅರಳು ಮರಳಾಯ್ತಾ?"

ಹೇಳಿಬಿಡಬೇಕಿತ್ತು. ನಾಚಿಕೆ ಬಿಡಲಿಲ್ಲ. "ಎಲ್ರಿಗೂ ಆಗ್ತದೆ ಅಪ್ಪಯ್ಯ" ಎಂದೆ.

ಗಾಯ ಮಾಯಿತು. ಅವರು ಮತ್ತೆ ಕೋವಿ ಮುಟ್ಟಲಿಲ್ಲ. ತಮ್ಮ ಲೆಕ್ಕವನ್ನೇ ನಂಬದಾದರು. ಕೊಟ್ಟಿಗೆಯ ಅಗಳಿ ತಾವೇ ಹಾಕಿ ಬಂದು, "ಹಾಕಿದ್ನೇನೋ?" ಎಂದು ನನ್ನನ್ನು ಕೇಳುತ್ತಿದ್ದರು.

"ಹಾಕಿದೀರಿ ಅಪ್ಪಯ್ಯ" ಎನ್ನುತ್ತಿದ್ದೆ. ಸಾಯುವವರೆಗೂ ಅಷ್ಟನ್ನೇ ಹೇಳಿದೆ.