ಅಪ್ಪ ನನ್ನನ್ನು ಟೀವಿಯಲ್ಲಿ ಹೊರಗೆ ಹಾಕಿದ್ದು

ಸಿರುಗುಪ್ಪದ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಚಹಾಪುಡಿಯ ಡಬ್ಬಿಗೆ ಒರಗಿಸಿಟ್ಟ ಅಂಗೈಯಗಲದ ಒಂದು ರಟ್ಟಿನ ಚೀಟಿಯಿದೆ. ಹೊಸ ಜೀನ್ಸ್ ಪ್ಯಾಂಟಿನ ಸೊಂಟಕ್ಕೆ ದಾರದಲ್ಲಿ ಕಟ್ಟಿರುತ್ತದಲ್ಲ, ಮನೆಗೆ ತಂದ ಕೂಡಲೇ ನೀವು ಕತ್ತರಿಸಿ ಎಸೆಯುತ್ತೀರಲ್ಲ, ಅದೇ. ಅದರ ಮೇಲೆ ಹೊಕ್ಕುಳಿನಿಂದ ಪಾದದವರೆಗೆ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಅವಳು ನಾನು. ಮನೆಗೆ ಬಂದ ನೆಂಟರಿಗೆಲ್ಲ ಅವ್ವ ಅದನ್ನು ಕೊಟ್ಟು, "ನಮ್ಮ ಹುಡುಗಿ ನೋಡ್ರಿ" ಎನ್ನುತ್ತಿದ್ದಳು. ಅವರು ಮುಖ ಎಲ್ಲಿದೆಯೆಂದು ಚೀಟಿಯನ್ನು ತಿರುಗಿಸುತ್ತಿದ್ದರು. ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕ್ರಮ ಅಚ್ಚಾಗಿತ್ತು.

ಪಿಯುಸಿ ಮುಗಿಸಿದ ನಾನು ಆಗ ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯೊಂದರಲ್ಲಿ ಗುಂಡಿ, ಜಿಪ್ಪು ನೆಟ್ಟಗಿವೆಯೇ ಎಂದು ನೋಡುವ ಕೆಲಸಕ್ಕಿದ್ದೆ. ಫೋಟೋಕ್ಕೆಂದು ಬೆಂಗಳೂರಿನಿಂದ ಬರಬೇಕಿದ್ದ ಹುಡುಗಿ ಬರಲಿಲ್ಲ. ಮಾಲೀಕರು ಸುತ್ತ ಕಣ್ಣಾಡಿಸಿ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಹತ್ತು ವರ್ಷ ಕಟ್ಟಕಡೆಗೇ ನಿಂತಿದ್ದ ನನ್ನ ಎತ್ತರವನ್ನು ಕಂಡು, "ಈಕಿಗೆ ತೊಡಿಸಿ ನೋಡ್ರಿ" ಎಂದರು. ಮುಖ ಬೇಕಿಲ್ಲ ಎಂದು ಫೋಟೋಗ್ರಾಫರ್ ಹೇಳಿದಾಗ ನನಗೆ ನಿರಾಳವಾಯಿತು. ಹೇಳಿದ ಕೂಡಲೇ ನಗುವುದು ನನಗಿನ್ನೂ ಬರುತ್ತಿರಲಿಲ್ಲ.

ಪತ್ರಿಕೆಗಳಲ್ಲಿ ನನ್ನಂಥವರನ್ನು ರೂಪದರ್ಶಿ ಎನ್ನುತ್ತಾರೆ. ಮೊದಲ ಎರಡು ವರ್ಷ ನಾನು ಅರ್ಧ ರೂಪದರ್ಶಿಯಾಗಿದ್ದೆ. ಆಮೇಲೆ ಮುಖಕ್ಕೂ ಕೆಲಸ ಸಿಕ್ಕಿತು. ಬೆಂಗಳೂರಿನಿಂದ ಮೊದಲ ಫ್ಯಾಷನ್ ಶೋಗೆ ಕರೆ ಬಂದಾಗ ನನಗೆ ನಡಿಗೆ ಕಲಿಸಿದವನು ಅಪ್ಪ. ಅವನು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನು. ಗಿರಣಿಯ ಹಿಂದೆ, ಭತ್ತ ಒಣಗಿಸುವ ಗಚ್ಚಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಉದ್ದಕ್ಕೆ ಗೆರೆ ಎಳೆದು, ನಾನು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಆ ಗೆರೆಯ ಮೇಲೆ ಹೋಗಿ ಬರುವಾಗ, ಯಂತ್ರದ ಬೆಲ್ಟು ಸರಿಯಾಗಿ ಓಡುತ್ತಿದೆಯೇ ಎಂದು ನೋಡುವ ಅದೇ ಕಣ್ಣಿನಿಂದ ನೋಡುತ್ತ, "ಎಡಕ್ಕ ವಾಲಾಕತ್ತೀದಿ" ಎನ್ನುತ್ತಿದ್ದ. ಒಂದು ವಾರದಲ್ಲಿ ವಾಲುವುದು ನಿಂತಿತು.

ಹೋಗುವುದೂ ಬರುವುದೂ ಒಂದೇ ದಾರಿಯಾಗಿರುವ ಈ ಉದ್ಯೋಗದಲ್ಲಿ ಆರು ವರ್ಷ ಕಳೆದ ಮೇಲೆ ನನ್ನನ್ನು ಒಂದು ರಿಯಾಲಿಟಿ ಶೋಗೆ ಆರಿಸಿದರು. ನಿಮಗೆ ಗೊತ್ತಿರುವಂಥದ್ದೇ: ಹತ್ತಾರು ಜನರನ್ನು ಒಂದು ಮನೆಯೊಳಗೆ ಕೂಡಿಹಾಕಿ, ಅವರು ಪಾತ್ರೆ ತೊಳೆಯುವುದನ್ನೂ ಜಗಳವಾಡುವುದನ್ನೂ ನಾಡಿಗೆಲ್ಲ ತೋರಿಸಿ, ವಾರಕ್ಕೊಬ್ಬರನ್ನು ಹೊರಗೆ ಕಳಿಸುವುದು. ನಾನು ಪಾತ್ರೆಗಳನ್ನು ಚೆನ್ನಾಗಿ ತೊಳೆದೆ. ಜಗಳಕ್ಕೆ ಕಾರಣ ಸಿಗಲಿಲ್ಲ. ಮೂರನೆಯ ವಾರಕ್ಕೆ ನನ್ನ ಹೆಸರು ಹೊರಹೋಗುವವರ ಪಟ್ಟಿಯಲ್ಲಿತ್ತು.

ಆ ವಾರ ಶೋದವರ ತಂಡ ಸಿರುಗುಪ್ಪಕ್ಕೆ ಬಂದು ನನ್ನ ಬಾಳಿನ ಕಥೆ ಚಿತ್ರೀಕರಿಸಿಕೊಂಡಿತು. ಅಲ್ಲಿ ನಡೆದದ್ದನ್ನು ಅವ್ವ ನನಗೆ ಆಮೇಲೆ ಹೇಳಿದಳು. ತಂಡದ ಮುಖ್ಯಸ್ಥೆ ಚಿಕ್ಕ ವಯಸ್ಸಿನ, ಬಹಳ ಮರ್ಯಾದೆಯ ಹೆಣ್ಣುಮಗಳಂತೆ.

"ಮಗಳು ಮಾಡೆಲ್ ಆಗೋದಕ್ಕೆ ಯಾರ ವಿರೋಧ ಇತ್ತು ಸಾರ್?" ಎಂದು ಅಪ್ಪನನ್ನು ಕೇಳಿದಳು.

"ಯಾರ್ದೂ ಇದ್ದಿಲ್ರಿ."

"ಊರಿನವರದ್ದು?"

"ಅವರಿಗೆಲ್ಲಿ ಪುರುಸೊತ್ತರಿ, ನಾಟಿ ನಡದಿತ್ತು."

ಅವಳು ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು. "ಸಾರ್, ಕಥೆ ಇಲ್ಲದವರು ಈ ವಾರ ಮನೆಗೆ ಬಂದುಬಿಡ್ತಾರೆ. ನಿಮ್ಮ ಮಗಳಿಗೆ ಕಥೆಯೇ ಇಲ್ಲ."

ಅಪ್ಪ, "ನಾನು ಬೈದಿದ್ದೆ ಅಂದ್ರ ನಡೀತೈತೇನ್ರಿ?" ಎಂದು ಕೇಳಿದನಂತೆ.

"ಮನೆಯಿಂದ ಹೊರಗೆ ಹಾಕಿದ್ದೆ ಅಂದ್ರೆ ಇನ್ನೂ ಚೆನ್ನಾಗಿರುತ್ತೆ ಸಾರ್."

ಅವ್ವ ಒಳಗೆದ್ದು ಹೋದವಳು ತಂಡ ಹೊರಡುವತನಕ ಹೊರಗೆ ಬರಲಿಲ್ಲ. ಶೋದಲ್ಲಿ ಅದಕ್ಕೊಂದು ಗಂಭೀರ ಧ್ವನಿ, 'ತಾಯಿ ಇಂದಿಗೂ ಮೌನಿ' ಎಂದಿತು.

ಶೋದ ಮನೆಯ ದೊಡ್ಡ ಪರದೆಯ ಮುಂದೆ ನಮ್ಮನ್ನೆಲ್ಲ ಕೂರಿಸಿ ಅದನ್ನು ತೋರಿಸಿದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಮ್ಮ ಬಾಗಿಲ ಮುಂದೆ ಕುಳಿತಿದ್ದ. "ಎಲ್ಲರ ಮುಂದ ಪ್ಯಾಂಟು ಹಾಕ್ಕೊಂಡು ನಡೀತೀನಿ ಅಂದ್ಳು. ನೀ ನನ್ನ ಮಗಳೇ ಅಲ್ಲ ಅಂತಂದು ಬಾಗಲಾ ಹಾಕಿದೆ" ಎಂದ. ಹಗಲುಹೊತ್ತು ಆ ಬಾಗಿಲು ಹಾಕಿದ್ದನ್ನು ನಾನೆಂದೂ ಕಂಡಿಲ್ಲ. ಅಪ್ಪ ಸುಮ್ಮನಾದ, ಬಹಳ ಹೊತ್ತು ಸುಮ್ಮನೇ ಇದ್ದ. ಆಮೇಲೆ, "ಸಾಕು, ಮನಿಗೆ ಬಾರವ್ವ" ಎಂದ.

ನಾನು ಅತ್ತೆ. ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳದವನು ನನಗಾಗಿ ನಾಡಿನ ಮುಂದೆ ಕುಳಿತು ಹೇಳುತ್ತಿದ್ದಾನೆಂದು ಅತ್ತೆ. ನೋಡಿದವರು ಅಪ್ಪ ಹೊರಗೆ ಹಾಕಿದ್ದಕ್ಕೆ ಅಳುತ್ತಿದ್ದಾಳೆಂದುಕೊಂಡರು. ಅಳು ಅಪ್ಪಟ ನನ್ನದು, ಕಾರಣ ಮಾತ್ರ ಅವರದ್ದು. ಎದ್ದು ನಿಂತು ಇದು ಸುಳ್ಳೆನ್ನಬಹುದಿತ್ತು, ಎನ್ನಲಿಲ್ಲ. ಅಪ್ಪನ ಮಾತು ಬೀಳಬಾರದೆಂದೋ, ಇನ್ನೊಂದು ವಾರ ಉಳಿಯಬೇಕೆಂದೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಆ ಅಳುವಿನ ಮೇಲೆ ನಾನು ಇನ್ನೂ ಐದು ವಾರ ಉಳಿದೆ.

ಊರಿಗೆ ಬಂದಾಗ ಅಪ್ಪ ಕೆಟ್ಟ ತಂದೆಯಾಗಿದ್ದ. ಕ್ಷೌರದಂಗಡಿಯಲ್ಲಿ ಅವನು ಕುಳಿತರೆ ಮಾತು ನಿಲ್ಲುತ್ತಿತ್ತು. ಗಿರಣಿಗೆ ಬರುವ ಹೆಣ್ಣಾಳುಗಳು ಅವನು ಕೊಟ್ಟ ಚಹಾ ಮುಟ್ಟದೆ ಎದ್ದುಹೋದರು. ರೂಪನಗುಡಿಯ ಸೋದರತ್ತೆ, ನಾನು ಬೆಂಗಳೂರಿಗೆ ಹೊರಟ ದಿನ ತಾನೇ ಬುತ್ತಿ ಕಟ್ಟಿಕೊಟ್ಟಿದ್ದವಳು, ಫೋನು ಮಾಡಿ, "ನಂಗೂ ಹೇಳದಂಗ ಹೊರಗ ಹಾಕಿದ್ಯಲ್ಲೋ" ಎಂದು ತಮ್ಮನಿಗೆ ಬೈದಳು.

"ನಾ ಎಲ್ಲರ ಮುಂದ ಖರೇ ಹೇಳ್ತೀನಪ್ಪ" ಎಂದೆ.

"ಏನಂತ? ನಮ್ಮಪ್ಪ ಸುಳ್ಳ ಹೇಳ್ದ ಅಂತನ?" ಎಂದು ಅಪ್ಪ ಗಿರಣಿಗೆ ಹೋದ.

ಅಷ್ಟರಲ್ಲಿ ಕುರುಗೋಡಿನ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಮ್ಮಿಬ್ಬರನ್ನೂ ಕರೆದರು. ನನಗೆ ಸಾಧಕಿ ಎಂದು ಶಾಲು, ಅಪ್ಪನಿಗೆ ಮನಸ್ಸು ಬದಲಿಸಿಕೊಂಡ ತಂದೆ ಎಂದು ಶಾಲು. ಅಪ್ಪ ಬೇಡವೆನ್ನದೆ ತಲೆಬಾಗಿ ಹೊದಿಸಿಕೊಂಡಿದ್ದನ್ನು ನೋಡಲಾಗದೆ ನಾನು ಮೈಕು ಹಿಡಿದು ಎಲ್ಲವನ್ನೂ ಹೇಳಿದೆ: ಸೀಮೆಸುಣ್ಣದ ಗೆರೆ, ಎಡಕ್ಕೆ ವಾಲಿದ್ದು, ನನಗೆ ಕಥೆ ಇರದಿದ್ದದ್ದು, ಅಪ್ಪ ಅದನ್ನು ಕೊಟ್ಟದ್ದು. ಸಭೆ ಉಸಿರು ಬಿಡದೆ ಕೇಳಿ, ಜೋರಾಗಿ ಚಪ್ಪಾಳೆ ತಟ್ಟಿತು. ವಂದನಾರ್ಪಣೆಯಲ್ಲಿ ಮುಖ್ಯೋಪಾಧ್ಯಾಯರು, ತಂದೆಯ ತಪ್ಪನ್ನು ತನ್ನ ಮಾತಿನ ಸೆರಗಿನಲ್ಲಿ ಮುಚ್ಚಿದ ಈ ಮಗಳ ದೊಡ್ಡಗುಣವನ್ನು ಮಕ್ಕಳು ಕಲಿಯಬೇಕೆಂದರು.

ವೇದಿಕೆಯಿಂದ ಇಳಿದಾಗ ಒಬ್ಬ ಮುದುಕಿ ಅಪ್ಪನ ಕೈ ಹಿಡಿದಳು. "ಹೆಣ್ಣುಮಕ್ಳನ್ನ ಹಂಗ ಹೊರಗ ಹಾಕಬಾರದಪ್ಪ. ಈಗರೆ ತಿದ್ದಿಕೊಂಡ್ಯಲ್ಲ, ಚಲೋ ಆತು."

"ಹೂಂ ಯವ್ವ, ತಿದ್ದಿಕೊಂಡೀನಿ" ಎಂದ ಅಪ್ಪ.

ಶಾಲೆಯವರು ಕೊಟ್ಟ ಕಾರಿನಲ್ಲಿ ವಾಪಸು ಹೊರಟೆವು. ರಸ್ತೆಯ ಎರಡೂ ಬದಿ ಭತ್ತ ಹಸಿರಾಗಿ ನಿಂತಿತ್ತು. ಅಪ್ಪ ಕೇಳಿದ.

"ಟೀವಿಯಾಗ ನಾ ಹೆಂಗ ಮಾಡಿದ್ದೆ?"

ಇಷ್ಟು ದಿನ ಅವನಿಗದನ್ನು ಯಾರೂ ಹೇಳಿರಲಿಲ್ಲ. ನಾನು ಕಸುಬಿನವಳು, ಕಸುಬಿನವಳಂತೆಯೇ ಹೇಳಿದೆ.

"ಚಲೋ ಮಾಡಿದಿ. 'ಮನಿಗೆ ಬಾರವ್ವ' ಅನ್ನೋಕಿಂತ ಮೊದಲ ಸುಮ್ಮನಿದ್ದದ್ದು ಸ್ವಲ್ಪ ಜಾಸ್ತಿ ಆತು."

"ಟೀವಿಯಾಕಿ ಹೇಳಿಕೊಟ್ಟಿದ್ದು 'ಬಾಗಲಾ ಹಾಕಿದೆ' ಅನ್ನೋ ಮಾತಿಗೆ ಮುಗದಿತ್ತು" ಎಂದ ಅಪ್ಪ. "ಅಲ್ಲಿಂದ ಮುಂದಿಂದು ನಂದು."