ರಾಣಿಯ ಹೆಸರಿನ ಕೌದಿ

ಆಳಂದದ ಸಾಹುಕಾರರ ವಾಡೆಯಲ್ಲಿ ನೀವು ಚಪ್ಪಲಿ ಬಿಟ್ಟು, ಕೈಮುಗಿದು ನೋಡುವ ಕೌದಿ ಬೀದರಿನ ರಾಣಿಯದಲ್ಲ. ಅಂಥ ರಾಣಿ ಇರಲೇ ಇಲ್ಲ — ಅವಳನ್ನು ಹೆತ್ತವನು ನಾನು. ಹೆರಿಗೆ ಒಂದೇ ಚೀಟಿಯಲ್ಲಿ ಸುಸೂತ್ರವಾಗಿ ಆಯಿತು. ಕೌದಿ ಇಜೇರಿಯ ನಿಂಗವ್ವನದು. ಈ ಒಂದು ಮಾತು ಹೇಳಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಇಜೇರಿಯಲ್ಲಿ ಮಾಸ್ತರನಾಗಿದ್ದಾಗ ಚಳಿಜ್ವರ ಬಂದು ಮಲಗಿದ್ದೆ. ನೆರೆಮನೆಯ ನಿಂಗವ್ವ, ಹಳೆಯ ಸೀರೆ-ಧೋತರದ ತುಂಡು ಕೂಡಿಸಿ ತಾನೇ ಹೊಲಿದ ಕೌದಿ ತಂದು ಹೊದಿಸಿದಳು. ನಮ್ಮ ಕಡೆ ಕೆಲವರು ಕೌದಿ ಮುಗಿಸುವಾಗ ಅದಕ್ಕೊಂದು ತುತ್ತು ಇಡುತ್ತಾರೆ — ಮೂಲೆಯ ಕೆಂಪು ತುಂಡಿನ ಕೆಳಗೆ ನಾಲ್ಕು ಜೋಳದ ಕಾಳು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ನನಗೆ ಹತ್ತಿತು. ಜ್ವರ ಬಿಟ್ಟ ಮೇಲೆ ಮರಳಿ ಕೊಡಹೋದರೆ, “ಇಟಗೋರಿ ಮಾಸ್ತರ್ರ, ಜ್ವರಕ್ಕ ನಿಮ್ಮ ಮನಿ ದಾರಿ ಗೊತ್ತಾಗ್ಯದ” ಅಂದಳು.

ಮುಂದೆ ಆಳಂದಕ್ಕೆ ವರ್ಗವಾಯಿತು. ಅಲ್ಲಿಯ ಸಾಹುಕಾರರಿಗೆ ಹಳೆಯ ಚಿತ್ರ, ಮೂರ್ತಿ, ಕಸೂತಿ ಕೂಡಿಹಾಕುವ ಹುಚ್ಚು. ನನ್ನನ್ನು ಪಂಡಿತನೆಂದು ನಂಬಿದವರಲ್ಲಿ ಅವರು ಎರಡನೆಯವರು, ಮೊದಲನೆಯವನು ನಾನೇ. ಒಮ್ಮೆ ನನ್ನ ಕೋಣೆಗೆ ಬಂದವರು ಕೌದಿ ನೋಡಿ, “ಇದು ಎಲ್ಲೀದ್ರಿ?” ಎಂದು ಕೇಳಿದರು. ಇಜೇರಿಯದು ಅಂದಿದ್ದರೆ — ಅವರ ಮುಖ ಬಾಡುತ್ತಿತ್ತು, ಜೊತೆಗೆ ನನ್ನ ಪಾಂಡಿತ್ಯವೂ. ಬೀದರಿನ ಅರಮನೆಯದು ಅಂದೆ. ಅವರಿಗೇ ಕೊಟ್ಟುಬಿಟ್ಟೆ. ಸಾಹುಕಾರರು ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ವಾಡೆಯೇ ಹಳೆಯ ವಸ್ತುಗಳನ್ನು ಜನರಿಗೆ ತೋರಿಸುವ ಊರಿನ ಅಜಾಯಬಖಾನೆಯಾಯಿತು. ಅವರು ಮಲಗುತ್ತಿದ್ದ ಕೋಣೆಯ ಗೋಡೆಗೆ ಕೌದಿ ಏರಿತು. ಕೆಳಗೆ ನನ್ನ ದುಂಡು ಅಕ್ಷರದ ಚೀಟಿ: ‘ಬೀದರಿನ ರಾಣಿಯ ಹೊದಿಕೆ.’

ಒಂದು ದಿನ ತಹಶೀಲ್ದಾರ ಸಾಹೇಬರಿಗೆ ಅದನ್ನೇ ಬಣ್ಣಿಸುತ್ತಿದ್ದೆ. ಬೀಗರ ಮನೆಗೆಂದು ಆಳಂದಕ್ಕೆ ಬಂದಿದ್ದ ನಿಂಗವ್ವ ಅಷ್ಟರಲ್ಲಿ ಒಳಗೆ ಬಂದಳು.

“ಮಾಸ್ತರ್ರ, ಇದು ನಾ ಹೊಲಿದ ಕೌದಿ ಅಲ್ಲೇನ್ರಿ?”

ಸಾಹೇಬರು ತಿರುಗಿ ನೋಡಿದರು. ಹೌದು ಅನ್ನಲು ಒಂದು ಉಸಿರು ಸಾಕಿತ್ತು — ಆದರೆ ನಾನು —

“ಅಲ್ಲಬೇ. ಇದು ರಾಣೀದು. ದೂರ ನಿಲ್ಲು.”

ಅವಳು ಕೆಂಪು ತುಂಡನ್ನು ಬೆರಳಿನಿಂದ ಒತ್ತಿ ನೋಡಿದಳು. “ರಾಣೀನೂ ಜ್ವಾಳದ ತುತ್ತು ಇಡತಿದ್ಲೇನ್ರಿ?” ನಾನು ಸಾಹೇಬರ ಕಡೆ ತಿರುಗಿಕೊಂಡೆ. “ಇರಲಿ. ಗೋಡಿಗೆ ಚಳಿ ಆಗಿರಬೇಕು” ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಅಂದಿನಿಂದ ಆ ಕೋಣೆಗೆ ಹೋದಾಗಲೆಲ್ಲ ನಾನು ಕೆಂಪು ಮೂಲೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದೆ.

ಮೊನ್ನೆ ಹಳೆಯ ಚೀಟಿ ಕಿತ್ತೆ. ವಾಡೆಯ ಬೀಗದ ಕೈ ಇಟ್ಟುಕೊಂಡಿರುವ ಸಾಹುಕಾರರ ಸೊಸೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು, “ಹಂಗಾದ್ರ ರಾಣಿ ತೀರಿಕೊಂಡ್ಲು ಅನ್ರಿ” ಎಂದರು. ಹೊಸ ಚೀಟಿಗೆ ತಾವೇ ಕಾಗದ ಕೊಟ್ಟರು. ಬರೆದೆ: ‘ಹೊಲಿದವರು ಇಜೇರಿಯ ನಿಂಗವ್ವ. ಜ್ವರ ಬಂದ ಮಾಸ್ತರನಿಗೆ ಹೊದಿಸಿದ್ದು.’

ನಿಂಗವ್ವ ಇನ್ನೂ ಇದ್ದಾಳೆ. ಕಣ್ಣು ಮಂಜಾಗಿವೆಯಂತೆ, ಓದಲು ಮೊದಲೂ ಬರುತ್ತಿರಲಿಲ್ಲ. ನಾಳೆ ಬಂಡಿ ಕಟ್ಟಿಸಿಕೊಂಡು ಇಜೇರಿಗೆ ಹೋಗುತ್ತೇನೆ. ಅವಳ ಅಂಗಳದಲ್ಲಿ ನಿಂತು ನನ್ನ ಸುಳ್ಳನ್ನು ಒಪ್ಪಿಕೊಂಡು, ವಾಡೆಗೆ ಬರುತ್ತೀಯಾ ಎಂದು ಕೇಳುತ್ತೇನೆ. ಬಂದರೆ, ಯಾರೇ ಇರಲಿ, ಅವರೆಲ್ಲರ ಮುಂದೆ ಆ ಚೀಟಿಯನ್ನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಅವಳು ಬೆರಳಾಡಿಸಿ ತನ್ನ ಕೆಂಪು ತುಂಡನ್ನು ಹುಡುಕಿಕೊಳ್ಳಲಿ. ನಾನು ದೂರ ನಿಲ್ಲುತ್ತೇನೆ.